ಲ್ಯಾಪ್‌ಟಾಪ್‌ನಲ್ಲಿ ಇಟ್ಟಿಗೆ ಬಣ್ಣ, ಪ್ರೆಸ್‌ನಲ್ಲಿ ರಕ್ತಗೆಂಪು: ತಪ್ಪು ಸ್ಕ್ರೀನಿನ ಯಾವ ಪದರದ್ದು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ತಾಳಗುಪ್ಪದ ಹತ್ತಿರ ಒಂದು ಹಳ್ಳಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿರಪ್ ಮನೆಯಲ್ಲೇ ಮಾಡಿ ಮಾರುತ್ತೇವೆ. ಲೇಬಲ್ ಎಲ್ಲ ನಾನೇ ಡಿಸೈನ್ ಮಾಡುತ್ತೇನೆ. ಒಂದೂವರೆ ವರ್ಷದ ಹಿಂದೆ 58 ಸಾವಿರ ಕೊಟ್ಟು 15.6 ಇಂಚಿನ ಲ್ಯಾಪ್‌ಟಾಪ್ ತಗೊಂಡೆ. ಗ್ರಾಫಿಕ್ಸ್ ಕೆಲಸ ಅಂದಿದ್ದಕ್ಕೆ ಅಂಗಡಿಯವರು ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಕೊಟ್ಟರು. ಈ ಸಲ ಮುರುಗಲು ಸಿರಪ್ಪಿನ ಲೇಬಲ್ ಮಾಡುವಾಗ ಕೆಂಪು ಬಣ್ಣ ಇಟ್ಟಿಗೆಯ ಹಾಗೆ ಮಂಕಾಗಿ ಕಾಣುತ್ತಿತ್ತು. ಅದಕ್ಕೇ ಕೆಂಪು ಜಾಸ್ತಿ ಮಾಡಿ ಕಳಿಸಿದೆ. ಪ್ರೆಸ್‌ನಿಂದ ಬಂದಿದ್ದು ಕಣ್ಣಿಗೆ ಹೊಡೆಯುವ ಕೆಂಪು. ಸಾವಿರ ಲೇಬಲ್ ದಂಡವಾಯಿತು. ತಮ್ಮನ ಹತ್ತಿರ 62 ಸಾವಿರದ ಒಎಲ್‌ಇಡಿ ಲ್ಯಾಪ್‌ಟಾಪ್ ಇದೆ. ಅದರಲ್ಲಿ ಅದೇ ಫೈಲ್ ತೆರೆದರೆ ಪ್ರೆಸ್‌ನ ಕೆಂಪೇ ಕಾಣಿಸಿತು. ನಾಲ್ಕು ಸಾವಿರಕ್ಕೆ ಇಷ್ಟು ವ್ಯತ್ಯಾಸವಾ? ನನ್ನದು ಡಿಫೆಕ್ಟ್ ಪೀಸಾ?

ಇನ್ನೂ ಕೆಲವು ತೊಂದರೆ ಇದೆ. ಕರೆಂಟ್ ಹೋದರೆ ಸ್ಕ್ರೀನ್ ಮತ್ತೂ ಮಂಕಾಗುತ್ತದೆ. ನಮಗೆ ನೆಟ್‌ವರ್ಕ್ ಸಿಗುವುದು ಜಗಲಿಯಲ್ಲಿ ಮಾತ್ರ, ಅಲ್ಲಿ ಕೂತರೆ ಏನೂ ಕಾಣುವುದಿಲ್ಲ. ಒದ್ದೆ ಬಟ್ಟೆ ಹಾಕಿ ಮೇಲಿನ ಮ್ಯಾಟ್ ಪದರ ಕಿತ್ತರೆ ಸ್ಕ್ರೀನ್ ಗ್ಲಾಸಿ ಆಗುತ್ತದೆ ಅಂತ ವಿಡಿಯೋ ನೋಡಿದೆ. ಮಾಡಬಹುದಾ? ಒಂದು ಸಲ ಸ್ಯಾನಿಟೈಸರ್‌ನಿಂದ ಒರೆಸಿದ್ದೆ, ಅಂಗೈ ಅಗಲದ ಕಲೆ ಉಳಿದಿದೆ. ಸಂಜೆಯಾದರೆ ಕಣ್ಣು ಉರಿ. ಬ್ಲೂ ಲೈಟ್ ಗಾರ್ಡ್ ಹಾಕಿಸು ಅನ್ನುತ್ತಾರೆ. ಶಿವಮೊಗ್ಗದ ಒಂದು ಅಂಗಡಿಯವರು 7,500 ರೂಪಾಯಿಗೆ ‘ಒರಿಜಿನಲ್ ಐಪಿಎಸ್’ ಸ್ಕ್ರೀನ್ ಹಾಕಿಕೊಡುತ್ತೇವೆ ಅಂದಿದ್ದಾರೆ. ಹಾಕಿಸಲಾ?

ಉತ್ತರ: ಮನೆಯಲ್ಲಿ ಕುದಿಸಿ, ಸೋಸಿ, ಬಾಟಲಿ ತುಂಬಿದ ಮೇಲೆ ಲೇಬಲ್ಲಿನಲ್ಲಿ ಹೀಗಾದರೆ ಎಷ್ಟು ಸಂಕಟ ಅಂತ ಅರ್ಥವಾಗುತ್ತದೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ನಿಮ್ಮ ಕಣ್ಣೂ ತಪ್ಪು ನೋಡಿಲ್ಲ. ಪ್ರೆಸ್‌ನವರು ಬಹುಶಃ ನೀವು ಕಳಿಸಿದ್ದನ್ನೇ ಅಚ್ಚು ಹಾಕಿದ್ದಾರೆ. ಆ ಕೆಂಪನ್ನು ತೋರಿಸುವ ಶಕ್ತಿ ನಿಮ್ಮ ಸ್ಕ್ರೀನಿಗೆ ಇಲ್ಲ, ಅಷ್ಟೇ. ನೀವು ಕೆಂಪು ಏರಿಸುತ್ತಾ ಹೋದಿರಿ. ಅದು ಫೈಲಿನಲ್ಲಿ ಏರಿತು, ಸ್ಕ್ರೀನಿನಲ್ಲಿ ಏರಲಿಲ್ಲ.

ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ 18 ವರ್ಷದಿಂದ ಲ್ಯಾಪ್‌ಟಾಪ್ ಸ್ಕ್ರೀನ್ ಬಿಚ್ಚಿ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ಜನ ‘ಸ್ಕ್ರೀನ್ ಸರಿ ಇಲ್ಲ’ ಅಂತ ತಂದಾಗ ನಾನು ಮೊದಲು ಕೇಳುವುದು ಒಂದೇ. ತೊಂದರೆ ಒಳಗಿನದ್ದಾ, ಮೇಲಿನ ಮೈಯದ್ದಾ? ಬಣ್ಣ, ಬೆಳಕು, ಪಕ್ಕದಿಂದ ನೋಡಿದಾಗ ಮಾಸುವುದು ಇವೆಲ್ಲ ಒಳಗಿನ ಪ್ಯಾನಲ್ಲಿಗೆ ಸೇರಿದ್ದು. ಕಿಟಕಿ, ಆಕಾಶ, ನಿಮ್ಮದೇ ಮುಖ ಸ್ಕ್ರೀನಿನಲ್ಲಿ ಕಾಣುವುದು, ಕಲೆ, ಗೀರು ಇವು ಮೇಲ್ಮೈಗೆ ಸೇರಿದ್ದು. ನಿಮ್ಮ ಪತ್ರದಲ್ಲಿ ಎರಡೂ ಕಲೆತುಹೋಗಿವೆ. ಬಿಡಿಸಿ ನೋಡೋಣ. ಇಲ್ಲದಿದ್ದರೆ ಮೇಲಿನದಕ್ಕೆ ಮದ್ದು ಮಾಡಲು ಹೋಗಿ ಒಳಗಿನದನ್ನು ಕಳೆದುಕೊಳ್ಳುತ್ತೀರಿ.

ಮೊದಲು ಕೆಂಪಿನ ವಿಷಯ. ನಿಮ್ಮ ಮಾಡೆಲ್‌ನ ವಿವರ ಇಂಟರ್ನೆಟ್ಟಿನಲ್ಲಿ ತೆಗೆದು ‘ಡಿಸ್‌ಪ್ಲೇ’ ಅನ್ನುವ ಸಾಲು ಓದಿ. ‘250 ನಿಟ್ಸ್, 45% ಎನ್‌ಟಿಎಸ್‌ಸಿ’ ಅಂತ ಇರುವ ಸಾಧ್ಯತೆ ಬಹಳ. ನಿಟ್ಸ್ ಅಂದರೆ ಸ್ಕ್ರೀನ್ ಎಷ್ಟು ಬೆಳಗುತ್ತದೆ ಅನ್ನುವ ಅಳತೆ. ಆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ನಾನು ಜಾಸ್ತಿ ನೋಡುವುದು ಇದೇ ಪ್ಯಾನಲ್. ಎನ್‌ಟಿಎಸ್‌ಸಿ ಅನ್ನುವುದು ಅಮೆರಿಕದಲ್ಲಿ 1953ರಲ್ಲಿ ಕಲರ್ ಟೀವಿಗೆ ಅಂತ ಮಾಡಿದ ಬಣ್ಣದ ಅಳತೆ. ಇವತ್ತು ಕಂಪ್ಯೂಟರ್, ಫೋನು, ವೆಬ್‌ಸೈಟು ಎಲ್ಲ ನಡೆಯುವುದು ಎಸ್‌ಆರ್‌ಜಿಬಿ ಅನ್ನುವ ಅಳತೆಯ ಮೇಲೆ. ಇದನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ತಂದವು. ಹಳೆಯ ಅಳತೆಯಲ್ಲಿ ಶೇ. 72 ಇದ್ದರೆ ಹೊಸ ಅಳತೆಯಲ್ಲಿ ಹೆಚ್ಚುಕಡಿಮೆ ಪೂರ್ತಿ ನೂರು. ಹಾಗಾದರೆ ಶೇ. 45 ಅಂದರೆ ಎಷ್ಟು? ಸುಮಾರು 62. ಬೇಕಾದ ಬಣ್ಣಗಳಲ್ಲಿ ಮೂರನೇ ಒಂದು ಪಾಲಿಗೂ ಜಾಸ್ತಿ ನಿಮ್ಮ ಸ್ಕ್ರೀನಿನಲ್ಲಿ ಇಲ್ಲವೇ ಇಲ್ಲ. ಇಂಥ ಪ್ಯಾನಲ್‌ಗಳಲ್ಲಿ ಎದ್ದು ಕಾಣುವ ಕೊರತೆ ಕೆಂಪಿನದ್ದು. ಕಡುಗೆಂಪು ಕಿತ್ತಳೆಯ ಕಡೆಗೆ ಜಾರುತ್ತದೆ. ನೀವು ‘ಇಟ್ಟಿಗೆ ಬಣ್ಣ’ ಅಂದಿರಲ್ಲ, ಸರಿಯಾಗೇ ಗುರುತಿಸಿದ್ದೀರಿ.

ಯಾಕೆ ಹೀಗೆ ಮಾಡುತ್ತಾರೆ ಅನ್ನುವುದನ್ನು ನಿಮ್ಮ ಸಿರಪ್ಪಿನ ಬಾಟಲಿಯಿಂದಲೇ ಹೇಳಬಹುದು. ಎರಡು ಗಾಜಿನ ಲೋಟ ತಗೊಳ್ಳಿ. ಒಂದಕ್ಕೆ ಸಿರಪ್ ಹಾಗೇ ಹಾಕಿ. ಇನ್ನೊಂದಕ್ಕೆ ಒಂದು ಚಮಚ ಸಿರಪ್, ಉಳಿದಿದ್ದು ನೀರು. ಕಿಟಕಿಗೆ ಹಿಡಿದು ನೋಡಿ. ನೀರು ಬೆರೆಸಿದ್ದರಲ್ಲಿ ಬೆಳಕು ಸಲೀಸಾಗಿ ಹಾಯುತ್ತದೆ, ಆದರೆ ಕೆಂಪು ತೆಳು. ಗಟ್ಟಿಯದ್ದರಲ್ಲಿ ಬಣ್ಣ ಚೆನ್ನ, ಆದರೆ ಹಿಂದಿನಿಂದ ಜೋರು ಬೆಳಕು ಬೇಕು. ನಿಮ್ಮದರಂಥ ಎಲ್‌ಸಿಡಿ ಪ್ಯಾನಲ್ ಒಳಗೂ ಇದೇ ನಡೆಯುವುದು. ಹಿಂದೆ ಬಿಳಿ ಎಲ್‌ಇಡಿ ಸಾಲು, ಮುಂದೆ ಕೆಂಪು, ಹಸಿರು, ನೀಲಿಯ ಪುಟ್ಟ ಪುಟ್ಟ ಫಿಲ್ಟರ್. ಫಿಲ್ಟರ್ ತೆಳುವಾದರೆ ಕಡಿಮೆ ಎಲ್‌ಇಡಿಯಲ್ಲಿ ಕೆಲಸ ಆಗುತ್ತದೆ. ಕಂಪನಿಗೆ ಖರ್ಚು ಉಳಿಯಿತು, ಬ್ಯಾಟರಿಯೂ ಸ್ವಲ್ಪ ಉಳಿಯಿತು. ಹೋಗಿದ್ದು ಬಣ್ಣ. ನಿಮ್ಮ 58 ಸಾವಿರದಲ್ಲಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೆ ಹೋಗಿದೆ. ತಮ್ಮನ 62 ಸಾವಿರದಲ್ಲಿ ಆ ಕಾರ್ಡ್ ಇರುವುದಿಲ್ಲ, ಆ ದುಡ್ಡು ಸ್ಕ್ರೀನಿಗೆ ಹೋಗಿದೆ. ವ್ಯತ್ಯಾಸ ನಾಲ್ಕು ಸಾವಿರದ್ದಲ್ಲ, ದುಡ್ಡು ಎಲ್ಲಿ ಹೋಯಿತು ಅನ್ನುವುದರದ್ದು. ಲೇಬಲ್ ಡಿಸೈನಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು ಅನ್ನುವುದು ನಮ್ಮೂರ ಕಡೆ ತುಂಬ ನಡೆಯುವ ತಪ್ಪು ತಿಳಿವಳಿಕೆ. ನಿಮ್ಮ ಕೆಲಸಕ್ಕೆ ಮೊದಲು ಬೇಕಾಗಿದ್ದು ಬಣ್ಣ ಸರಿಯಾಗಿ ತೋರಿಸುವ ಸ್ಕ್ರೀನ್. ಇದನ್ನು ಮಾರುವಾಗಲೇ ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ತಮ್ಮನ ಸ್ಕ್ರೀನನ್ನು ಕಣ್ಣು ಮುಚ್ಚಿ ನಂಬಬೇಡಿ. ಒಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಅಂದರೆ ನಿಜವಾದ ಕಪ್ಪು, ಬಣ್ಣವೂ ವಿಶಾಲ. ಆದರೆ ಹಲವು ಲ್ಯಾಪ್‌ಟಾಪ್‌ಗಳು ಬಣ್ಣ ಎದ್ದು ಕಾಣಲಿ ಅಂತ ‘ವಿವಿಡ್’ ತರದ ಮೋಡ್‌ನಲ್ಲೇ ಬರುತ್ತವೆ. ಅದರಲ್ಲಿ ಎಲ್ಲ ಬಣ್ಣವೂ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಕಂಪನಿಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿಸಿ, ಆಮೇಲೆ ಹೋಲಿಸಿ.

ಕರೆಂಟ್ ಹೋದಾಗ ಮಂಕಾಗುವುದಕ್ಕೆ ಒಂದು ಪೈಸೆ ಖರ್ಚಿಲ್ಲದ ಪರಿಹಾರ ಇದೆ. ಬ್ಯಾಟರಿಗೆ ಬಂದ ಕೂಡಲೇ ಬ್ರೈಟ್‌ನೆಸ್ ಇಳಿಯುವುದು ಎಲ್ಲರಿಗೂ ಗೊತ್ತು. ಆದರೆ ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಬಣ್ಣ ಸತ್ತಂತೆ ಕಂಡರೆ ಕಾರಣ ಬೇರೆ. ಎಎಂಡಿ ಚಿಪ್ ಇದ್ದರೆ ಅದರ ಸಾಫ್ಟ್‌ವೇರ್‌ನಲ್ಲಿ ‘ವೇರಿ ಬ್ರೈಟ್’ (Vari-Bright) ಅಂತ ಇರುತ್ತದೆ. ಇಂಟೆಲ್ ಇದ್ದರೆ ‘ಡಿಸ್‌ಪ್ಲೇ ಪವರ್ ಸೇವಿಂಗ್’. ಇವು ಹಿಂದಿನ ಬೆಳಕು ಇಳಿಸಿ, ಅದು ಗೊತ್ತಾಗದಿರಲಿ ಅಂತ ಚಿತ್ರದ ಬಣ್ಣವನ್ನೇ ತಿರುಚುತ್ತವೆ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೂ ಚಿತ್ರಕ್ಕೆ ತಕ್ಕ ಹಾಗೆ ಬ್ರೈಟ್‌ನೆಸ್ ಬದಲಿಸುವ ಒಂದು ಆಯ್ಕೆ ಇರುತ್ತದೆ. ಇವುಗಳಲ್ಲಿ ನಿಮ್ಮಲ್ಲಿ ಇರುವುದನ್ನೆಲ್ಲ ಆಫ್ ಮಾಡಿ. ‘ನೈಟ್ ಲೈಟ್’ ಆನ್ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಸಂಜೆ ತಾನಾಗೇ ಆನ್ ಆಗುವ ಹಾಗೆ ಇಟ್ಟು ಮರೆತವರು ಎಷ್ಟೋ ಜನ. ಅದು ಇಡೀ ಸ್ಕ್ರೀನನ್ನು ಹಳದಿ ಮಾಡುತ್ತದೆ, ಆಗ ಬಣ್ಣದ ಕೆಲಸ ಮಾಡಲೇಬಾರದು.

ಇನ್ನು ಜಗಲಿ. ಇದು ಮೇಲ್ಮೈಯ ಪ್ರಶ್ನೆ. ಮಲೆನಾಡಿನ ಮನೆಗೆ ಇದು ಬೇರೆ ಕಡೆಗಿಂತ ಜಾಸ್ತಿ ಮುಖ್ಯ. ನಮ್ಮ ಹೆಂಚಿನ ಮನೆಗಳಲ್ಲಿ ಒಳಗೆ ಮಧ್ಯಾಹ್ನವೂ ಮಬ್ಬು, ಹೊರಗೆ ಅಂಗಳದಲ್ಲಿ ಕಣ್ಣು ಬಿಡಲಾಗದ ಬೆಳಕು. ಜಗಲಿ ಇವೆರಡರ ನಡುವೆ. ಪಟ್ಟಣದ ಆಫೀಸಿನ ಟ್ಯೂಬ್‌ಲೈಟಿಗೆ ಸಾಲುವ ಸ್ಕ್ರೀನು ಇಲ್ಲಿ ಸೋಲುತ್ತದೆ.

ಗಾಜಾಗಲಿ, ಪ್ಲಾಸ್ಟಿಕ್ಕಾಗಲಿ, ನುಣುಪಾದ ಮೈಯ ಮೇಲೆ ಬೆಳಕು ಬಿದ್ದರೆ ನೂರರಲ್ಲಿ ಸುಮಾರು ನಾಲ್ಕು ಪಾಲು ವಾಪಸ್ ಬರುತ್ತದೆ. ನಾಲ್ಕೇ ತಾನೆ ಅನಿಸುತ್ತದೆ. ಮಳೆಗಾಲದ ಮೋಡದ ಆಕಾಶವೂ 2,000 ನಿಟ್ಸ್ ಬೆಳಗುತ್ತಿರುತ್ತದೆ ಅಂತ ಇಟ್ಟುಕೊಳ್ಳಿ. ಅದರ ಶೇ. 4 ಅಂದರೆ 80 ನಿಟ್ಸ್. ನಿಮ್ಮ ಸ್ಕ್ರೀನಿನ ಬಿಳಿ 250. ಆಕಾಶ ಅದರ ಮೇಲೆ ಬಿದ್ದಾಗ ಬಿಳಿ 330 ಆಯಿತು, ಕಪ್ಪು ಅಕ್ಷರ 80 ಆಯಿತು. ಕಪ್ಪಿಗೂ ಬಿಳಿಗೂ ನಾಲ್ಕು ಪಟ್ಟು ಮಾತ್ರ ವ್ಯತ್ಯಾಸ ಉಳಿಯಿತು. ಒಳಗಿನ ಕೋಣೆಯಲ್ಲಿ ಅದೇ ವ್ಯತ್ಯಾಸ ನೂರಾರು ಪಟ್ಟು ಇರುತ್ತದೆ. ಜಗಲಿಯಲ್ಲಿ ಅಕ್ಷರ ಕರಗಿಹೋದಂತೆ ಕಾಣುವುದು ಇದಕ್ಕೇ.

ಈ ವಾಪಸ್ ಬರುವ ಬೆಳಕನ್ನು ಸಂಭಾಳಿಸಲು ಎರಡು ದಾರಿ ಇವೆ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು ಆ್ಯಂಟಿ ಗ್ಲೇರ್, ನಾವು ಮ್ಯಾಟ್ ಅನ್ನುವುದು. ಇದರಲ್ಲಿ ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ಒರಟು ಮಾಡಿರುತ್ತಾರೆ. ಬೆಳಕು ಕಡಿಮೆ ಆಗುವುದಿಲ್ಲ, ಚೆದುರುತ್ತದೆ. ಕಿಟಕಿಯ ಆಕಾರ ಹೋಗಿ ಒಂದು ಬೆಳ್ಳನೆಯ ಮಂಜು ಉಳಿಯುತ್ತದೆ. ಆ ಒರಟಿನಿಂದಲೇ ಕೆಲವು ಅಗ್ಗದ ಮ್ಯಾಟ್ ಸ್ಕ್ರೀನಿನ ಬಿಳಿ ಜಾಗದಲ್ಲಿ ಸಕ್ಕರೆ ಚೆಲ್ಲಿದ ಹಾಗೆ ಮಿಣುಕು ಕಾಣುತ್ತದೆ. ಇನ್ನೊಂದು ಆ್ಯಂಟಿ ರಿಫ್ಲೆಕ್ಷನ್. ಇದು ಕನ್ನಡಕಕ್ಕೆ ಹಾಕಿಸುತ್ತೀರಲ್ಲ, ಓರೆ ಹಿಡಿದರೆ ಹಸಿರೋ ನೇರಳೆಯೋ ಕಾಣುತ್ತದೆ, ಅದೇ ಕೋಟಿಂಗ್. ಬೆಳಕಿನ ಅಲೆಯ ಕಾಲು ಭಾಗದಷ್ಟು ದಪ್ಪದ ಪದರ ಹಾಕಿರುತ್ತಾರೆ. ಅದರ ಮೇಲಿನಿಂದ ಮತ್ತು ಕೆಳಗಿನಿಂದ ವಾಪಸಾದ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇಲ್ಲಿ ಬೆಳಕು ನಿಜವಾಗಿ ಕಡಿಮೆಯಾಗುತ್ತದೆ. ಶೇ. 4 ಇದ್ದದ್ದು ಒಂದಕ್ಕೆ ಇಳಿದರೆ ನಮ್ಮ ಲೆಕ್ಕದಲ್ಲಿ ಬಿಳಿ 270, ಕಪ್ಪು 20. ನಾಲ್ಕು ಪಟ್ಟು ಇದ್ದದ್ದು ಹದಿಮೂರು ಪಟ್ಟಾಯಿತು!

ಇಷ್ಟು ಒಳ್ಳೆಯದಾದರೆ ಎಲ್ಲದಕ್ಕೂ ಯಾಕೆ ಹಾಕುವುದಿಲ್ಲ? ದುಬಾರಿ, ಜೊತೆಗೆ ನಾಜೂಕು. ಆಪಲ್‌ನ ರೆಟಿನಾ ಮ್ಯಾಕ್‌ಬುಕ್‌ಗಳಲ್ಲಿ ಈ ಕೋಟಿಂಗ್ ತೇಪೆ ತೇಪೆಯಾಗಿ ಏಳುತ್ತಿದೆ ಅಂತ ದೂರು ಬಂದು, 2015ರಲ್ಲಿ ಕಂಪನಿ ಅಂಥವನ್ನು ಉಚಿತವಾಗಿ ಬದಲಿಸಿಕೊಡಲು ಶುರು ಮಾಡಿತು. 2024ರ ಮ್ಯಾಕ್‌ಬುಕ್ ಪ್ರೋಗೆ ಜಾಸ್ತಿ ದುಡ್ಡು ಕೊಟ್ಟರೆ ಗಾಜಿನ ಮೈಯನ್ನೇ ನ್ಯಾನೋ ಮಟ್ಟದಲ್ಲಿ ಕೆತ್ತಿದ ಮ್ಯಾಟ್ ಸ್ಕ್ರೀನ್ ಸಿಗುತ್ತದೆ. ಅಷ್ಟು ಬೆಲೆಯ ಲ್ಯಾಪ್‌ಟಾಪ್‌ನಲ್ಲೂ ಪ್ರತಿಫಲನದ ಪ್ರಶ್ನೆ ಇನ್ನೂ ಮುಗಿದಿಲ್ಲ ಅಂತಾಯಿತು.

ಹಾಗಾಗಿ ಸ್ಕ್ರೀನನ್ನು ಗ್ಲಾಸಿ ಮಾಡಿದರೆ ಜಗಲಿಯಲ್ಲಿ ಚೆನ್ನಾಗಿ ಕಾಣುತ್ತದೆ ಅನ್ನುವುದು ತಪ್ಪು. ಕೋಟಿಂಗ್ ಇಲ್ಲದ ಗ್ಲಾಸಿ ಮೈ ಕತ್ತಲ ಕೋಣೆಯಲ್ಲಿ ಚೆಂದ, ಬೆಳಕಿಗೆ ಬಂದರೆ ಕನ್ನಡಿ. ತಮ್ಮನ ಲ್ಯಾಪ್‌ಟಾಪ್ ಜಗಲಿಗೆ ತಂದು ನೋಡಿ, ಅಂಗಳದ ತುಳಸಿಕಟ್ಟೆಯೂ ಅದರಲ್ಲಿ ಕಾಣುತ್ತದೆ.

ಈಗ ಆ ವಿಡಿಯೋ. ದಯವಿಟ್ಟು ಮಾಡಬೇಡಿ. ಎರಡು ವರ್ಷದ ಹಿಂದೆ ಹೊಸನಗರ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದ. ಆನ್ ಮಾಡಿದರೆ ಬರೀ ಬಿಳಿ ಬೆಳಕು, ಚಿತ್ರವೇ ಇಲ್ಲ. ‘ಬೀಳಿಸಿಲ್ಲ, ನೀರೂ ಬಿದ್ದಿಲ್ಲ’ ಅಂದ. ಬೆರಳು ಆಡಿಸಿ ನೋಡಿದೆ. ಮೇಲೆ ಬರಿಗಾಜು, ಅಂಚಿನಲ್ಲಿ ಅಂಟಿನ ಪುಡಿ. ನನ್ನ ಹತ್ತಿರ ಬೈಕಿಗೆ ಹಾಕುವ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇತ್ತು. ಅದನ್ನು ಅವನ ಕಣ್ಣಿಗೆ ಹಾಕಿ ನೋಡು ಅಂದೆ. ಕನ್ನಡಕದೊಳಗೆ ಪೂರ್ತಿ ಡೆಸ್ಕ್‌ಟಾಪ್ ಕಾಣಿಸಿತು, ಅವನ ಕಾಲೇಜಿನ ಫೋಲ್ಡರ್ ಸಮೇತ. ತೆಗೆದರೆ ಮತ್ತೆ ಬಿಳಿ. ಅವನು ಆ ಕನ್ನಡಕವನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿದ, ಆಮೇಲೆ ಸುಮ್ನೆ ಕೂತುಬಿಟ್ಟ. ಅವನು ಕಿತ್ತಿದ್ದು ಮ್ಯಾಟ್ ಕೋಟಿಂಗ್ ಅಲ್ಲ, ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ನನ್ನ ಕನ್ನಡಕ ಅದರ ಕೆಲಸವನ್ನೇ ಮಾಡಿತ್ತು. ಎಲ್‌ಸಿಡಿಯಲ್ಲಿ ಚಿತ್ರ ಕಾಣುವುದೇ ಆ ಹಾಳೆಯಿಂದ. ಲ್ಯಾಪ್‌ಟಾಪ್ ಪ್ಯಾನಲ್‌ಗಳಲ್ಲಿ ಮ್ಯಾಟ್ ಅನ್ನುವುದು ಬೇರೆ ಹಾಳೆಯಾಗಿ ಇರುವುದಿಲ್ಲ. ಅದು ಪೋಲರೈಸರ್‌ನ ಮೇಲ್ಮೈಯೇ. ಕೆಲವು ಹಳೆಯ ಡೆಸ್ಕ್‌ಟಾಪ್ ಮಾನಿಟರ್‌ಗಳಲ್ಲಿ ಮೇಲಿನ ಪದರ ಮಾತ್ರ ಬಿಡಿಸಿದವರು ಇದ್ದಾರೆ. ಅದನ್ನು ನೋಡಿ ಲ್ಯಾಪ್‌ಟಾಪಿಗೆ ಕೈ ಹಾಕಿದರೆ ಆ ಹುಡುಗನ ಹಾಗೆ ಹೊಸ ಪ್ಯಾನಲ್ ಕೊಳ್ಳಬೇಕಾಗುತ್ತದೆ.

ಜಗಲಿಗೆ ನಾನು ಹೇಳುವ ಉಪಾಯ ಕೂರುವ ದಿಕ್ಕು ಬದಲಿಸುವುದು. ಸ್ಕ್ರೀನು ಪ್ರತಿಫಲಿಸುವುದು ನಿಮ್ಮ ಬೆನ್ನ ಹಿಂದೆ ಇರುವುದನ್ನು. ಅಂಗಳಕ್ಕೆ ಬೆನ್ನು ಹಾಕಿ ಕೂತರೆ ಇಡೀ ಆಕಾಶ ಸ್ಕ್ರೀನಿಗೆ ಬೀಳುತ್ತದೆ. ಸುಣ್ಣ ಬಳಿದ ಗೋಡೆಗೆ ಒರಗಿದರೆ ಆ ಬಿಳಿ ಬೀಳುತ್ತದೆ. ತೆರೆದ ಬಾಗಿಲಿಗೆ ಬೆನ್ನು ಮಾಡಿ, ಒಳಮನೆಯ ಕತ್ತಲು ಹಿಂದೆ ಬರುವ ಹಾಗೆ, ಅಂಗಳಕ್ಕೆ ಸ್ವಲ್ಪ ಓರೆಯಾಗಿ ಕೂತು ನೋಡಿ. ಬಾಗಿಲ ಹತ್ತಿರ ನೆಟ್‌ವರ್ಕ್ ಸಿಗದಿದ್ದರೆ ಬೆನ್ನ ಹಿಂದಿನ ಗೋಡೆಗೆ ಒಂದು ಕರಿ ಕಂಬಳಿ ತೂಗುಹಾಕಿ. ಬಿಳಿ ಬಟ್ಟೆ ಬದಲು ಗಾಢ ಬಣ್ಣದ್ದು ಹಾಕಿಕೊಂಡರೂ ವ್ಯತ್ಯಾಸ ಗೊತ್ತಾಗುತ್ತದೆ. ಆದರೂ 250 ನಿಟ್ಸ್ ಅಲ್ಲಿಗೆ ಕಮ್ಮಿಯೇ. ಜಗಲಿಯಲ್ಲಿ ಪತ್ರ, ಲೆಕ್ಕ, ಆರ್ಡರ್ ನೋಡಿ. ಬಣ್ಣದ ಕೆಲಸ ಒಳಗೆ ಮಾಡಿ. ಮುಂದೆ ಲ್ಯಾಪ್‌ಟಾಪ್ ಕೊಳ್ಳುವಾಗ ಮ್ಯಾಟ್ ಇರಲಿ, 400 ನಿಟ್ಸ್ ಇರಲಿ, 300ಕ್ಕಿಂತ ಕೆಳಗೆ ಬೇಡ.

ಸ್ಯಾನಿಟೈಸರ್ ಕಲೆಗೆ ಇನ್ನೂ ಆಸೆ ಬಿಡಬೇಡಿ. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಜೊತೆ ಗ್ಲಿಸರಿನ್ ಇರುತ್ತದೆ. ಕೈ ಒಣಗದಿರಲಿ ಅಂತ ಹಾಕುವುದು. ಆಲ್ಕೋಹಾಲ್ ಹಾರಿಹೋಗುತ್ತದೆ, ಗ್ಲಿಸರಿನ್ ಮ್ಯಾಟ್ ಮೈಯ ಸಣ್ಣ ಗುಳಿಗಳಲ್ಲಿ ಕೂತು ಆ ಜಾಗ ಹೊಳೆಯುವ ಹಾಗೆ ಮಾಡುತ್ತದೆ. ಎಷ್ಟೋ ಸಲ ‘ಕೋಟಿಂಗ್ ಹೋಯಿತು’ ಅಂತ ಬಂದದ್ದು ಬರೀ ಈ ಜಿಡ್ಡು. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮನೆಯಲ್ಲಿ ಇದ್ದೇ ಇರುತ್ತದೆ. ಕ್ಯಾನಿನ ಮೇಲಿನ ಚೀಟಿ ಓದಿ ತಗೊಳ್ಳಿ, ಆ್ಯಸಿಡ್ ಕ್ಯಾನ್ ಪಕ್ಕದಲ್ಲೇ ಇರಬಹುದು. ಬಾವಿ ನೀರು ಬೇಡ, ಒಣಗಿದ ಮೇಲೆ ಅದರ ಉಪ್ಪಿನಂಶದ ಗುರುತು ಉಳಿಯುತ್ತದೆ. ಕನ್ನಡಕದ ಅಂಗಡಿಯಲ್ಲಿ ಕೊಡುವ ಮೆತ್ತನೆ ಬಟ್ಟೆಯನ್ನು ಆ ನೀರಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಒತ್ತದೆ ಒಂದೇ ದಿಕ್ಕಿನಲ್ಲಿ ಮೂರ್ನಾಲ್ಕು ಸಲ ಒರೆಸಿ. ಸ್ಕ್ರೀನಿನ ಮೇಲೆ ನೇರವಾಗಿ ಏನನ್ನೂ ಸಿಂಪಡಿಸಬೇಡಿ. ಕೆಳಗಿನ ಅಂಚಿನೊಳಗೆ ಇಳಿದರೆ ಅಲ್ಲೇ ಸರ್ಕ್ಯೂಟ್ ಇರುವುದು. ಒಣಗಿದ ಮೇಲೆ ಟಾರ್ಚ್ ಓರೆ ಹಿಡಿದು ನೋಡಿ. ಕಲೆ ಸಣ್ಣಗಾಗಿದ್ದರೆ ಜಿಡ್ಡು, ಮಾರನೇ ದಿನ ಇನ್ನೊಮ್ಮೆ ಒರೆಸಿ. ಹಾಗೇ ಇದ್ದರೆ ಮೇಲ್ಮೈಗೇ ಪೆಟ್ಟಾಗಿದೆ, ಅದನ್ನು ಮರಳಿ ತರುವ ಔಷಧ ಯಾವುದೂ ಇಲ್ಲ. ಆನ್ ಇದ್ದಾಗ ಕಾಣದಿದ್ದರೆ ಹಾಗೇ ಬಿಟ್ಟುಬಿಡಿ.

ನಮ್ಮ ಕಡೆಯ ಇನ್ನೊಂದು ಶತ್ರು ಕೆಂಪು ಧೂಳು. ಪ್ಯಾನಲ್‌ಗಳ ಮೈ ಸಾಮಾನ್ಯವಾಗಿ 3ಎಚ್ ಪೆನ್ಸಿಲ್ಲಿನ ಗೀರು ತಡೆಯುವಷ್ಟು ಗಟ್ಟಿ. ಜಂಬಿಟ್ಟಿಗೆಯ ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಬಹಳ ಗಟ್ಟಿ. ಸೆರಗಿನಿಂದ ಒಣ ಧೂಳು ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಮೊದಲು ಧೂಳು ಹಾರಿಸಿ, ಆಮೇಲೆ ಒದ್ದೆ ಬಟ್ಟೆ. ಮಳೆಗಾಲದಲ್ಲಿ ಬೆಳಕಿಗೆ ಬರುವ ಸಣ್ಣ ಹುಳ ಸ್ಕ್ರೀನಿನ ಒಳಗೇ ಹೋಗಿ ಓಡಾಡುವುದೂ ಉಂಟು. ಬೆರಳಿನಿಂದ ಒತ್ತಬೇಡಿ. ಒಳಗೆ ಸತ್ತರೆ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಸ್ಕ್ರೀನ್ ಆಫ್ ಮಾಡಿ ಅಂಚಿನ ಹತ್ತಿರ ಒಂದು ದೀಪ ಇಡಿ, ಎಷ್ಟೋ ಸಲ ತಾನೇ ಹೊರಗೆ ಬರುತ್ತದೆ.

ಕಣ್ಣುರಿಯ ವಿಷಯದಲ್ಲಿ ನಾನು ಡಾಕ್ಟರಲ್ಲ. ಉರಿ ಬಿಡದಿದ್ದರೆ ಸಾಗರದಲ್ಲೋ ಶಿವಮೊಗ್ಗದಲ್ಲೋ ಒಮ್ಮೆ ಕಣ್ಣು ತೋರಿಸಿ, ನಂಬರ್ ಬದಲಾಗಿರಬಹುದು. ಆದರೆ ಗಾರ್ಡ್ ಕೊಳ್ಳುವ ಮೊದಲು ಇಷ್ಟು ತಿಳಿದಿರಲಿ. ಸ್ಕ್ರೀನಿನ ನೀಲಿ ಬೆಳಕಿನಿಂದ ಕಣ್ಣು ಹಾಳಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ನೇತ್ರತಜ್ಞರ ಅಕಾಡೆಮಿ ಹೇಳುತ್ತದೆ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ನೀಲಿ ತಡೆಯುವ ಕನ್ನಡಕ ಸಾಮಾನ್ಯ ಕನ್ನಡಕಕ್ಕಿಂತ ಕಣ್ಣಿನ ಆಯಾಸ ಕಡಿಮೆ ಮಾಡುವಂತೆ ಕಾಣಲಿಲ್ಲ. ಉರಿಗೆ ದೊಡ್ಡ ಕಾರಣ ರೆಪ್ಪೆ. ಸಾಮಾನ್ಯವಾಗಿ ನಿಮಿಷಕ್ಕೆ 15 ಸಲ ಮಿಟುಕಿಸುವ ನಾವು ಸ್ಕ್ರೀನ್ ನೋಡುವಾಗ 5ರಿಂದ 7ಕ್ಕೆ ಇಳಿಯುತ್ತೇವೆ. ಕಣ್ಣು ಒಣಗುತ್ತದೆ. ಮಂಕು ಸ್ಕ್ರೀನಿಗೆ ಬಗ್ಗಿ ದಿಟ್ಟಿಸಿದರೆ ಇನ್ನೂ ಜಾಸ್ತಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ. ನಿಮಗೆ ತೋಟವೇ ಎದುರಿಗಿದೆ ಅಲ್ವಾ. ಗ್ಲಾಸಿ ಸ್ಕ್ರೀನಿನಿಂದಲೂ ಕಣ್ಣು ಕೆಡುವುದಿಲ್ಲ, ಪ್ರತಿಬಿಂಬ ತಪ್ಪಿಸಲು ಒದ್ದಾಡಿ ಸುಸ್ತಾಗುತ್ತದೆ, ಅಷ್ಟೇ. ಕೆಲವರಿಗೆ ಮಾತ್ರ ಒಎಲ್‌ಇಡಿಯಿಂದ ತಲೆನೋವು ಬರುವುದನ್ನು ನೋಡಿದ್ದೇನೆ. ಬ್ರೈಟ್‌ನೆಸ್ ಇಳಿಸಿದಾಗ ಹಲವು ಒಎಲ್‌ಇಡಿಗಳು ಸೆಕೆಂಡಿಗೆ 240 ಸಲ ಆರಿ ಹತ್ತುತ್ತಿರುತ್ತವೆ. ಅಂಥವರು ಬ್ರೈಟ್‌ನೆಸ್ ಏರಿಸಿಟ್ಟುಕೊಳ್ಳಬೇಕು. ನಿಮ್ಮ ಕೆಲಸಕ್ಕೆ ಗಾರ್ಡ್ ಬೇಡವೇ ಬೇಡ. ಇರುವ ಅಲ್ಪಸ್ವಲ್ಪ ಬಣ್ಣಕ್ಕೂ ಹಳದಿ ಬಳಿದ ಹಾಗಾಗುತ್ತದೆ.

ಈಗ 7,500 ರೂಪಾಯಿಯ ಪ್ರಶ್ನೆ. ‘ಒರಿಜಿನಲ್ ಐಪಿಎಸ್’ ಅನ್ನುವ ಮಾತಿಗೆ ಮರುಳಾಗಬೇಡಿ. ನಿಮ್ಮ ಈಗಿನ ಸ್ಕ್ರೀನೂ ಐಪಿಎಸ್ ಆಗಿರಬಹುದು. ಐಪಿಎಸ್ ಅಂದರೆ ಪಕ್ಕದಿಂದ, ಕೆಳಗಿನಿಂದ ನೋಡಿದರೂ ಬಣ್ಣ ತಿರುಗುವುದಿಲ್ಲ ಅಂತ ಅರ್ಥ. ಹಳೆಯ ಟಿಎನ್ ಸ್ಕ್ರೀನಿನಲ್ಲಿ ಕೆಳಗಿನಿಂದ ನೋಡಿದರೆ ಚಿತ್ರ ಕಪ್ಪಾಗುತ್ತಿತ್ತು, ನೆನಪಿರಬಹುದು. ಬಣ್ಣ ಎಷ್ಟಿದೆ ಅನ್ನುವುದು ಬೇರೆಯೇ ಲೆಕ್ಕ. ಶೇ. 45ರ ಐಪಿಎಸ್ ತೆಗೆದು ಶೇ. 45ರ ಇನ್ನೊಂದು ಐಪಿಎಸ್ ಹಾಕಿಸಿದರೆ ಏನು ಬಂತು?

ಅಂಗಡಿಯವರ ಹತ್ತಿರ ಪ್ಯಾನಲ್ಲಿನ ಮಾಡೆಲ್ ನಂಬರ್ ಕೇಳಿ. ಪ್ಯಾನಲ್ಲಿನ ಬೆನ್ನಿಗೆ ಚೀಟಿ ಅಂಟಿಸಿರುತ್ತದೆ. ಅದರಲ್ಲಿ 156 ಅಂತ ಇದ್ದರೆ 15.6 ಇಂಚು, 140 ಇದ್ದರೆ 14 ಇಂಚು. ಎಯುಒ ಕಂಪನಿಯದ್ದಾದರೆ ‘ಬಿ156ಎಚ್‌ಟಿಎನ್’ ಅಂತ ಶುರುವಾಗುವುದು ಟಿಎನ್, ‘ಬಿ156ಎಚ್‌ಎಎನ್’ ಅಂತ ಶುರುವಾಗುವುದು ಐಪಿಎಸ್ ಜಾತಿಯದ್ದು. ನಡುವಿನ ಒಂದೇ ಅಕ್ಷರದ ವ್ಯತ್ಯಾಸ. ಪೂರ್ತಿ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಿಟ್ಸ್ ಎಷ್ಟು, ಎನ್‌ಟಿಎಸ್‌ಸಿ ಎಷ್ಟು ಎಲ್ಲ ಸಿಗುತ್ತದೆ. ಶೇ. 72 ಎನ್‌ಟಿಎಸ್‌ಸಿ ಅಥವಾ ಶೇ. 100 ಎಸ್‌ಆರ್‌ಜಿಬಿ, 300 ನಿಟ್ಸ್, ಮ್ಯಾಟ್. ಈ ಮೂರೂ ಇದ್ದರೆ ಮಾತ್ರ ಮುಂದಿನ ಮಾತು. ಈಗ ನಿಮ್ಮಲ್ಲಿರುವುದು ಯಾವ ಕಂಪನಿಯದ್ದು ಅಂತ ನೀವೇ ನೋಡಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ ತೆರೆದು ಹಾರ್ಡ್‌ವೇರ್ ಐಡಿ ನೋಡಿ. ಎಯುಒ, ಬಿಒಇ, ಸಿಎಂಎನ್, ಎಲ್‌ಜಿಡಿ ಹೀಗೆ ಮೂರಕ್ಷರ ಕಾಣುತ್ತದೆ. ಒಂದೇ ಮಾಡೆಲ್ ಲ್ಯಾಪ್‌ಟಾಪಿಗೆ ಕಂಪನಿಗಳು ಬೇರೆ ಬೇರೆಯವರ ಪ್ಯಾನಲ್ ಹಾಕುವುದು ಮಾಮೂಲು. ಆದ್ದರಿಂದ ಲ್ಯಾಪ್‌ಟಾಪಿನ ಹೆಸರು ಹೇಳಿ ಪ್ಯಾನಲ್ ತರಿಸಬೇಡಿ.

ಬದಲಿಸುವುದರಲ್ಲಿ ಅಪಾಯವೂ ಇದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಪ್ಯಾನಲ್ಲಿಗೆ 40 ಪಿನ್ನಿನ ಕೇಬಲ್ ಇರುತ್ತದೆ. ಮಾಮೂಲಿ 60 ಹರ್ಟ್ಸ್‌ನ ಪ್ಯಾನಲ್ 30 ಪಿನ್. ಕೂರುವುದೇ ಇಲ್ಲ, ಕೇಬಲ್ ಬದಲಿಸಬೇಕು. ದಪ್ಪ, ಸ್ಕ್ರೂ ಹಾಕುವ ಕಿವಿ ಎಲ್ಲ ಹೊಂದಬೇಕು. ಫ್ರೇಮ್ ಬಿಚ್ಚುವಾಗ ಕ್ಲಿಪ್ ಮುರಿಯಬಹುದು. ವಾರಂಟಿ ಉಳಿದಿದ್ದರೆ ಹೋಗಬಹುದು. ರೀಫರ್ಬಿಷ್ಡ್, ಅಂದರೆ ಹಳೆಯದನ್ನು ರಿಪೇರಿ ಮಾಡಿದ ಪ್ಯಾನಲ್ಲನ್ನು ಹೊಸದು ಅಂತ ಕೊಡುವವರೂ ಇದ್ದಾರೆ. ಕೂರಿಸಿದ ಮೇಲೆ ಅಂಗಡಿಯಲ್ಲೇ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ತುಂಬಿಸಿ ನೋಡಿ, ಬಿಲ್ಲಿನಲ್ಲಿ ಪ್ಯಾನಲ್ ನಂಬರ್ ಬರೆಸಿಕೊಳ್ಳಿ.

ನನ್ನನ್ನು ಕೇಳಿದರೆ, ನಿಮ್ಮ ಜಾಗದಲ್ಲಿ ನಾನು ಪ್ಯಾನಲ್ ಬದಲಿಸುತ್ತಿರಲಿಲ್ಲ. ಹತ್ತು ಸಾವಿರದ ಆಸುಪಾಸಿನಲ್ಲಿ ಎಸ್‌ಆರ್‌ಜಿಬಿ ಶೇ. 99 ಇರುವ 24 ಇಂಚಿನ ಐಪಿಎಸ್ ಮಾನಿಟರ್ ಸಿಗುತ್ತದೆ. ಎಚ್‌ಡಿಎಂಐ ಕೇಬಲ್ಲಿನಿಂದ ಇದೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಳಮನೆಯಲ್ಲಿ ಕಿಟಕಿಗೆ ಅಡ್ಡವಾಗಿ ಇಟ್ಟುಕೊಳ್ಳಿ. ಇನ್ವರ್ಟರ್ ಮೇಲೂ ನಡೆಯುತ್ತದೆ, ಸುಮಾರು 20 ವ್ಯಾಟ್ ಅಷ್ಟೇ. ನಾಳೆ ಲ್ಯಾಪ್‌ಟಾಪ್ ಬದಲಿಸಿದರೂ ಮಾನಿಟರ್ ನಿಮ್ಮದೇ. ಇದರಲ್ಲಿರುವ ಕೊರತೆ ಎಂದರೆ ಅದನ್ನು ಜಗಲಿಗೆ ಹೊತ್ತೊಯ್ಯಲು ಆಗುವುದಿಲ್ಲ. ಲ್ಯಾಪ್‌ಟಾಪನ್ನೇ ಮಾರಿ ಒಎಲ್‌ಇಡಿ ಕೊಳ್ಳುವ ಯೋಚನೆ ಇದ್ದರೆ, ಬಣ್ಣಕ್ಕೆ ಅದು ಮೇಲು. ಆದರೆ ಬಹುತೇಕ ಗ್ಲಾಸಿ, ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಅದರ ನೆರಳು ಅಚ್ಚೊತ್ತಬಹುದು, ಒಡೆದರೆ ಬದಲಿಸಲು ದುಬಾರಿ.

ಏನನ್ನೂ ಕೊಳ್ಳದೆ ಈ ವಾರವೇ ಮಾಡಬಹುದಾದದ್ದು ಇನ್ನೊಂದಿದೆ. ಬಣ್ಣವನ್ನು ಕಣ್ಣಳತೆಯಿಂದ ಏರಿಸುವುದು ಬಿಡಿ. ನಿಮ್ಮ ಪ್ರೆಸ್‌ನವರ ಹತ್ತಿರ ಬಣ್ಣದ ಚಾರ್ಟ್ ಇರುತ್ತದೆ, ಅಚ್ಚಾದ ಚೌಕದ ಪಕ್ಕ ಅದರ ಸಿಎಂವೈಕೆ ಅಂಕಿ (ಅಚ್ಚಿನ ನಾಲ್ಕು ಶಾಯಿ ಎಷ್ಟೆಷ್ಟು ಅನ್ನುವ ಲೆಕ್ಕ) ಬರೆದಿರುತ್ತದೆ. ಸಿರಪ್ಪಿನ ಒಂದು ಬಾಟಲಿ ತಗೊಂಡು ಹೋಗಿ. ಹಗಲು ಬೆಳಕಿನಲ್ಲಿ ಚಾರ್ಟಿನ ಪಕ್ಕ ಹಿಡಿದು, ಹೊಂದುವ ಕೆಂಪಿನ ಅಂಕಿ ಬರೆದುಕೊಂಡು, ಫೈಲಿನಲ್ಲಿ ಅದೇ ಅಂಕಿ ಹಾಕಿ. ಸ್ಕ್ರೀನಿನಲ್ಲಿ ಅದು ಇಟ್ಟಿಗೆಯ ಹಾಗೇ ಕಾಣುತ್ತದೆ. ಕಾಣಲಿ, ಮುಟ್ಟಬೇಡಿ. ಒಂದೇ ಹಾಳೆ ಪ್ರೂಫ್ ತೆಗೆಸಿ, ಬಾಟಲಿಗೆ ಅಂಟಿಸಿ, ಅಂಗಳಕ್ಕೆ ತಂದು ನೋಡಿ. ಆಮೇಲೆ ಸಾವಿರಕ್ಕೆ ಹೇಳಿ.